ಹತ್ತು ವಾರದ ಬೇಸಿಗೆ, ನಲವತ್ತು ವರ್ಷದ ಅಗೆತ



ಹತ್ತು ವಾರಗಳಲ್ಲಿ ಯಾವ ದೇಶದ ಮಾನವ ಹಕ್ಕುಗಳ ಸ್ಥಿತಿಯೂ ಸುಧಾರಿಸುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಇವತ್ತು ನಾನು ಮಾತಾಡಲು ಹೊರಟಿರುವುದು ಹತ್ತು ವಾರಗಳ ಒಂದು ಏರ್ಪಾಡಿನ ಬಗ್ಗೆ. ಅದರ ಬಗ್ಗೆ ನನಗೆ ಗೌರವವಿದೆ, ಸ್ವಲ್ಪ ಅನುಮಾನವೂ ಇದೆ.

ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಮೇ ತಿಂಗಳ ನಡುವಿನಿಂದ ಆಗಸ್ಟ್‌ವರೆಗೆ ಬೇಸಿಗೆ ರಜೆ. ನಮ್ಮಲ್ಲಿ ಆ ಹೊತ್ತಿಗೆ ಮುಂಗಾರು ಹಿಡಿದು, ಹುಡುಗರು ಕೊಡೆ ಹಿಡಿದು ತರಗತಿಗೆ ಬರುತ್ತಿರುತ್ತಾರೆ. ಆ ಉದ್ದನೆಯ ರಜೆಯಲ್ಲಿ ವಿದ್ಯಾರ್ಥಿಗಳು ಬೇರೆ ದೇಶಗಳ ಮಾನವ ಹಕ್ಕು ಸಂಸ್ಥೆಗಳಲ್ಲಿ ಕೆಲಸ ಮಾಡಲೆಂದು ಅವರ ಪ್ರಯಾಣಕ್ಕೂ ಊಟ ವಸತಿಗೂ ಒಂದಿಷ್ಟು ಹಣ ಕೊಡುವ ಪದ್ಧತಿ ಅಲ್ಲಿ ಹಲವು ಕಡೆ ಇದೆ. ನಾನು ಹೇಳಿದ ಹತ್ತು ವಾರಗಳ ಏರ್ಪಾಡು ಇದೇ, ಬೇಸಿಗೆ ಫೆಲೋಶಿಪ್ ಎನ್ನುತ್ತಾರೆ. ಕಾನೂನು ಪಾಠ ಹೇಳುವ ನನ್ನಂಥವರ ಹತ್ತಿರ ಶಿಫಾರಸು ಪತ್ರ ಕೇಳಿಕೊಂಡು ಬರುವ ಮಕ್ಕಳು ಈಗ ಈ ಹೆಸರನ್ನು ಚೆನ್ನಾಗಿ ಬಲ್ಲರು. ಆದರೆ ಅಲ್ಲಿಗೆ ಹೋಗಿ ಏನು ಮಾಡುತ್ತೀಯಪ್ಪಾ ಎಂದು ಕೇಳಿದರೆ, "ನೊಂದವರಿಗೆ ನ್ಯಾಯ ಕೊಡಿಸುತ್ತೇನೆ ಸರ್" ಎನ್ನುತ್ತಾರೆ. ಆ ಉತ್ತರ ಕೇಳಿದಾಗೆಲ್ಲ ನನಗೆ ಸ್ವಲ್ಪ ಭಯವಾಗುತ್ತದೆ.

ಕ್ಯಾಲಿಫೋರ್ನಿಯಾದ ಬರ್ಕಲಿ ವಿಶ್ವವಿದ್ಯಾಲಯದ ಮಾನವ ಹಕ್ಕುಗಳ ಕೇಂದ್ರವನ್ನೇ ತೆಗೆದುಕೊಳ್ಳೋಣ. 1994ರಲ್ಲಿ ಶುರುವಾದ ಕೇಂದ್ರ ಅದು. ಅಲ್ಲಿ ಫೆಲೋಶಿಪ್ ಕೇಳಲು ಕಾನೂನು ವಿದ್ಯಾರ್ಥಿಯೇ ಆಗಿರಬೇಕಿಲ್ಲ. ಸಾರ್ವಜನಿಕ ಆರೋಗ್ಯ, ಮಾನವಶಾಸ್ತ್ರ, ಪತ್ರಿಕೋದ್ಯಮ ಓದುವವರೂ ಕೇಳಬಹುದು. ಇಂಥ ಯೋಜನೆಗಳ ಕ್ರಮ ಹೆಚ್ಚುಕಡಿಮೆ ಎಲ್ಲ ಕಡೆ ಒಂದೇ. ವಿದ್ಯಾರ್ಥಿ ತಾನು ಯಾವ ಸಂಸ್ಥೆಗೆ ಹೋಗುತ್ತೇನೆ, ಅಲ್ಲಿ ಯಾವ ಕೆಲಸ ಮಾಡುತ್ತೇನೆ ಎಂದು ಮೊದಲೇ ಬರೆದುಕೊಡಬೇಕು, ಆ ಸಂಸ್ಥೆಯ ಒಪ್ಪಿಗೆಯೂ ಬೇಕು. ಕೊಡುವ ಹಣ ದೊಡ್ಡದೇನಲ್ಲ. ವಾಪಸು ಬಂದ ಮೇಲೆ ವರದಿ ಒಪ್ಪಿಸಬೇಕು. ಇಷ್ಟೇ ಆಗಿದ್ದರೆ ಇದನ್ನು ಬಾನುಲಿಯಲ್ಲಿ ಹೇಳುವ ಅಗತ್ಯವಿರಲಿಲ್ಲ, ಯಾವುದಾದರೂ ಕಾಲೇಜಿನ ಸೂಚನಾ ಫಲಕದಲ್ಲಿ ಅಂಟಿಸಿದರೆ ಸಾಕಿತ್ತು. ಆ ಕೇಂದ್ರವನ್ನು ಬಹುಕಾಲ ನಡೆಸಿದ ಎರಿಕ್ ಸ್ಟೋವರ್ ಎಂಬವರ ಹಿಂದೆ ಒಂದು ಕಥೆಯಿದೆ. ಆ ಕಥೆ ನಡೆದದ್ದು ಬರ್ಕಲಿಯಲ್ಲಿ ಅಲ್ಲ, ಅರ್ಜೆಂಟೀನಾದ ಸ್ಮಶಾನಗಳಲ್ಲಿ.

1976ರ ಮಾರ್ಚ್‌ನಿಂದ 1983ರ ಡಿಸೆಂಬರ್‌ವರೆಗೆ ಅರ್ಜೆಂಟೀನಾವನ್ನು ಸೇನೆ ಆಳಿತು. ಆ ಏಳೂಮುಕ್ಕಾಲು ವರ್ಷಗಳಲ್ಲಿ ಸಾವಿರಾರು ಜನರನ್ನು ಮನೆಯಿಂದ, ಬೀದಿಯಿಂದ, ಕಾರ್ಖಾನೆಯಿಂದ ಎತ್ತಿಕೊಂಡು ಹೋದರು. ಅವರು ಮತ್ತೆ ಕಾಣಿಸಲಿಲ್ಲ. ಬಂಧಿಸಿದ್ದಕ್ಕೆ ದಾಖಲೆಯಿಲ್ಲ, ಸತ್ತದ್ದಕ್ಕೆ ಶವವಿಲ್ಲ. ಪ್ರಜಾಸರ್ಕಾರ ಮರಳಿ ಬಂದಾಗ ಅಧ್ಯಕ್ಷ ಅಲ್ಫೊನ್ಸಿನ್ ಒಂದು ಆಯೋಗ ನೇಮಿಸಿದರು. ಅದರ ಅಧ್ಯಕ್ಷರು ಕಾದಂಬರಿಕಾರ ಅರ್ನೆಸ್ತೊ ಸಬಾತೊ. ಒಬ್ಬ ಕಾದಂಬರಿಕಾರನನ್ನು ಇಂಥ ಕೆಲಸಕ್ಕೆ ನೇಮಿಸಿದ್ದು ನನಗೆ ಇಂದಿಗೂ ಅಚ್ಚರಿಯ ವಿಷಯ. ಆಯೋಗ 8,900ಕ್ಕೂ ಹೆಚ್ಚು ಜನರು ಕಾಣೆಯಾದದ್ದನ್ನು ದಾಖಲಿಸಿತು. ನಿಜವಾದ ಸಂಖ್ಯೆ 30,000 ಎಂದು ಅಲ್ಲಿನ ಹಕ್ಕು ಸಂಘಟನೆಗಳು ಹೇಳುತ್ತ ಬಂದಿವೆ.

ಹೆಣಗಳು ಎಲ್ಲಿ? ಕೆಲವರನ್ನು ವಿಮಾನದಿಂದ ನದಿಗೆ, ಸಮುದ್ರಕ್ಕೆ ಎಸೆದಿದ್ದರು. ಇನ್ನು ಕೆಲವರನ್ನು ಊರ ಸ್ಮಶಾನಗಳ ಮೂಲೆಯಲ್ಲಿ ಹೆಸರಿಲ್ಲದೆ ಹೂತಿದ್ದರು. ಸೇನಾಡಳಿತ ಹೋದ ಕೂಡಲೇ ನ್ಯಾಯಾಧೀಶರು ಅಗೆಯಲು ಆಜ್ಞೆ ಮಾಡಿದರು. ಅಗೆದವರು ಸ್ಮಶಾನದ ಕೂಲಿಗಳು, ಅಗೆದದ್ದು ಮಣ್ಣೆತ್ತುವ ಯಂತ್ರಗಳಿಂದ. ನಾವು ಜೆಸಿಬಿ ಎನ್ನುತ್ತೇವಲ್ಲ, ಅಂಥವು. ಒಬ್ಬರ ಬುರುಡೆ ಇನ್ನೊಬ್ಬರ ಮೂಳೆಯೊಂದಿಗೆ ಬೆರೆಯಿತು. ಹಲ್ಲುಗಳು, ಗುಂಡುಗಳು ಮಣ್ಣಿನಲ್ಲೇ ಉಳಿದವು. ಸುತ್ತ ನಿಂತ ತಂದೆತಾಯಿಯರ ಕಣ್ಣೆದುರಿಗೇ ಸಾಕ್ಷ್ಯ ನಾಶವಾಗುತ್ತಿತ್ತು.

ಸಬಾತೊ ಆಯೋಗವೂ, ಮೊಮ್ಮಕ್ಕಳನ್ನು ಕಳೆದುಕೊಂಡ ಅಜ್ಜಿಯರ ಸಂಘಟನೆಯೂ ಅಮೆರಿಕದ ವಿಜ್ಞಾನಿಗಳ ನೆರವು ಕೇಳಿದವು. 1984ರ ಜೂನ್‌ನಲ್ಲಿ ಒಂದು ಸಣ್ಣ ತಂಡ ಬ್ಯೂನಸ್ ಐರಿಸ್‌ಗೆ ಬಂತು. ತಂಡವನ್ನು ಕರೆತಂದವರು ಸ್ಟೋವರ್. ಆಗ ಅವರು ಅಮೆರಿಕದ ವಿಜ್ಞಾನ ಸಂಘವೊಂದರಲ್ಲಿ ಮಾನವ ಹಕ್ಕುಗಳ ವಿಭಾಗ ನೋಡಿಕೊಳ್ಳುತ್ತಿದ್ದರು. ತಂಡದಲ್ಲಿ ಕ್ಲೈಡ್ ಸ್ನೋ ಎಂಬ ಮೂಳೆತಜ್ಞ ಇದ್ದರು. ಟೆಕ್ಸಾಸ್‌ನವರು, ಕೌಬಾಯ್ ಬೂಟು, ಬಾಯಲ್ಲಿ ಸಿಗರೇಟು. ಮೂಳೆ ನೋಡಿ ಸತ್ತವರ ವಯಸ್ಸು, ಎತ್ತರ, ಹಳೆಯ ಪೆಟ್ಟು, ಗುಂಡು ಬಂದ ದಿಕ್ಕು ಹೇಳಬಲ್ಲವರು. ಮಣ್ಣನ್ನು ಪುರಾತತ್ತ್ವದವರಂತೆ ಕರಣೆ, ಬ್ರಷ್ಷು ಹಿಡಿದು ಪದರ ಪದರವಾಗಿ ತೆಗೆಯಬೇಕು ಎಂದು ಅವರು ಹೇಳಿದರು. ತೆಗೆಯುವವರು ಯಾರು? ಅಲ್ಲಿನ ಹಿರಿಯ ಪ್ರಾಧ್ಯಾಪಕರು ಮುಂದೆ ಬರಲಿಲ್ಲ. ಸೇನೆ ಬ್ಯಾರಕ್ಕಿಗೆ ಹೋಗಿ ಆರು ತಿಂಗಳಾಗಿತ್ತಷ್ಟೆ, ಮತ್ತೆ ಬಾರದು ಎಂಬ ಖಾತ್ರಿ ಯಾರಿಗಿತ್ತು?

ಸ್ನೋ ಅವರಿಗೆ ಇಂಗ್ಲಿಷ್–ಸ್ಪ್ಯಾನಿಷ್ ಅನುವಾದ ಮಾಡುತ್ತಿದ್ದವನು ಮಾರಿಸ್ ಟಿಡ್‌ಬಾಲ್ ಬಿನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ. ಅವನು ತನ್ನ ಪರಿಚಯದ ಹುಡುಗರನ್ನು ಕರೆದ. ಮಾನವಶಾಸ್ತ್ರ ಓದುತ್ತಿದ್ದ ಪತ್ರೀಸಿಯಾ ಬೆರ್ನಾರ್ದಿ, ಮೆರ್ಸೆದೆಸ್ ದೊರೆತ್ತಿ, ಲೂಯಿಸ್ ಫಾಂಡೆಬ್ರೈಡರ್ ಹೀಗೆ ಬಂದವರು. ಎಲ್ಲರೂ ಇಪ್ಪತ್ತರ ಆಸುಪಾಸಿನವರು. ಹೆಣ ಅಗೆಯುವ ಕೆಲಸವನ್ನು ಯಾರೂ ಮಾಡಿರಲಿಲ್ಲ. ಹಿಂಜರಿದರು, ತಮ್ಮತಮ್ಮಲ್ಲೇ ಚರ್ಚಿಸಿದರು, ಕೊನೆಗೆ ಒಪ್ಪಿದರು. ಜೂನ್ ಎಂದರೆ ಸ್ನೋ ಅವರ ಊರಿನಲ್ಲಿ ಸುಡುಬಿಸಿಲು, ಭೂಮಧ್ಯರೇಖೆಯ ಆ ಕಡೆ ಅರ್ಜೆಂಟೀನಾದಲ್ಲಿ ಚಳಿಗಾಲ. ನಗರದ ಹೊರವಲಯದ ಒಂದು ಸ್ಮಶಾನದಲ್ಲಿ, ಪೊಲೀಸರ ಕಾವಲಿನಲ್ಲಿ ಅವರು ಮೊದಲ ಗುಂಡಿ ಅಗೆದರು. ವಿಪರ್ಯಾಸವೆಂದರೆ ಆ ಪೊಲೀಸರನ್ನೇ ಅವರು ಅದುವರೆಗೆ ಕಂಡು ಹೆದರುತ್ತಿದ್ದುದು. ಹಗಲು ಕೆಲಸ ಮಾಡಿ, ಅಳುವುದಿದ್ದರೆ ರಾತ್ರಿ ಅಳಿ ಎಂದು ಸ್ನೋ ಆ ವಿದ್ಯಾರ್ಥಿಗಳಿಗೆ ಹೇಳಿಕೊಟ್ಟರು.

ಕೆಲವೇ ದಿನಕ್ಕೆಂದು ಬಂದ ಸ್ನೋ ಆಮೇಲೆ ಐದು ವರ್ಷ ಮತ್ತೆ ಮತ್ತೆ ಬಂದು ಆ ಮಕ್ಕಳನ್ನು ತಯಾರು ಮಾಡಿದರು. 1985ರಲ್ಲಿ ಸೇನಾಧಿಪತಿಗಳ ವಿಚಾರಣೆ ನಡೆಯಿತು. ಸ್ನೋ ನ್ಯಾಯಾಲಯದಲ್ಲಿ ಒಬ್ಬ ತರುಣಿಯ ಅಸ್ಥಿಪಂಜರದ ಚಿತ್ರಗಳನ್ನು ಪರದೆಯ ಮೇಲೆ ತೋರಿಸಿದರು. ತೀರಾ ಹತ್ತಿರದಿಂದ ತಲೆಗೆ ಗುಂಡು ಹೊಡೆದಿದ್ದರು. ಸಾಯುವ ಮುಂಚೆ ಅವಳು ಹೆತ್ತಿದ್ದಳು ಎಂಬುದಕ್ಕೆ ಸೊಂಟದ ಮೂಳೆಯಲ್ಲಿ ಗುರುತುಗಳಿದ್ದವು. ಹಾಗಾದರೆ ಮಗು ಎಲ್ಲಿ ಎಂಬ ಪ್ರಶ್ನೆ ತಾನಾಗಿ ಎದ್ದಿತು. ಆ ವರ್ಷ ಡಿಸೆಂಬರ್‌ನಲ್ಲಿ ಆ ಸೇನಾಧಿಪತಿಗಳಲ್ಲಿ ವಿದೇಲಾ, ಮಸ್ಸೇರಾ ಇಬ್ಬರಿಗೂ ಜೀವಾವಧಿ ಶಿಕ್ಷೆಯಾಯಿತು.

ಕಥೆ ಅಲ್ಲಿಗೆ ಮುಗಿದಿದ್ದರೆ ಸಿನಿಮಾಕ್ಕೆ ಚೆನ್ನಾಗಿತ್ತು. 1986, 1987ರಲ್ಲಿ ಸಂಸತ್ತು ಎರಡು ಕಾಯಿದೆ ಮಾಡಿ ಮುಂದಿನ ಮೊಕದ್ದಮೆಗಳಿಗೆ ಬಾಗಿಲು ಹಾಕಿತು. ಆಮೇಲೆ ಬಂದ ಅಧ್ಯಕ್ಷ ಮೆನೆಮ್ ಶಿಕ್ಷೆಯಾದವರನ್ನು 1990ರ ಹೊತ್ತಿಗೆ ಕ್ಷಮಿಸಿಬಿಟ್ಟರು. ಸಾಕ್ಷ್ಯ ಕೇಳುವ ನ್ಯಾಯಾಲಯವೇ ಇಲ್ಲ. ಆದರೂ ಆ ವಿದ್ಯಾರ್ಥಿಗಳು, ಅಷ್ಟರಲ್ಲಿ ಅವರು ವಿದ್ಯಾರ್ಥಿಗಳಾಗಿ ಉಳಿದಿರಲಿಲ್ಲ, ಅಗೆಯುತ್ತಲೇ ಹೋದರು. ಮೂಳೆ ಮನೆಯವರಿಗೆ ಬೇಕಿತ್ತು, ಅಷ್ಟೇ ಕಾರಣ. 2003ರಲ್ಲಿ ಸಂಸತ್ತು ಆ ಕಾಯಿದೆಗಳನ್ನು ರದ್ದು ಮಾಡಿತು, 2005ರಲ್ಲಿ ಸುಪ್ರೀಂ ಕೋರ್ಟು ಕೂಡ ಅವು ಅಸಿಂಧು ಎಂದಿತು. ಮೊಕದ್ದಮೆಗಳು ಮತ್ತೆ ಶುರುವಾದಾಗ ನ್ಯಾಯಾಧೀಶರ ಮುಂದೆ ಇಡಲು ಇಪ್ಪತ್ತು ವರ್ಷಗಳ ಕಡತ ಸಿದ್ಧವಾಗಿತ್ತು.

ಆ ವಿದ್ಯಾರ್ಥಿಗಳು ಕಟ್ಟಿದ ಗುಂಪಿಗೆ ಅರ್ಜೆಂಟೀನಾದ ವಿಧಿವಿಜ್ಞಾನ ಮಾನವಶಾಸ್ತ್ರ ತಂಡ ಎಂದು ಹೆಸರು. ಇಂದಿಗೂ ಇದೆ. ಐವತ್ತಕ್ಕೂ ಹೆಚ್ಚು ದೇಶಗಳಲ್ಲಿ ಕೆಲಸ ಮಾಡಿದೆ. ಎಲ್ ಸಾಲ್ವಡಾರ್‌ನ ಎಲ್ ಮೊಸೋತೆ ಎಂಬ ಹಳ್ಳಿಯಲ್ಲಿ 1981ರ ಡಿಸೆಂಬರ್‌ನಲ್ಲಿ ಸೇನೆ ನಡೆಸಿದ ಕೊಲೆಗಳು ನಡೆದೇ ಇಲ್ಲ ಎಂದು ಸರ್ಕಾರ ವರ್ಷಗಟ್ಟಲೆ ಸಾಧಿಸಿತ್ತು. 1992ರಲ್ಲಿ ಈ ತಂಡ ಅಲ್ಲಿ ಒಂದೇ ಕಟ್ಟಡದ ಅವಶೇಷದಡಿ ಕನಿಷ್ಠ 143 ಜನರ ಮೂಳೆಗಳನ್ನು ಎತ್ತಿತು. ಬಹುಪಾಲು ಮಕ್ಕಳವು. ಆಮೇಲೆ ಯಾರೂ ನಡೆದಿಲ್ಲ ಎನ್ನಲಾಗಲಿಲ್ಲ. ಸ್ನೋ ಅವರಿಗೆ ಅನುವಾದ ಮಾಡಿಕೊಟ್ಟ ಆ ಹುಡುಗ ಟಿಡ್‌ಬಾಲ್ ಬಿನ್ಸ್ 2021ರಲ್ಲಿ ಕಾನೂನುಬಾಹಿರ ಹತ್ಯೆಗಳ ಕುರಿತ ವಿಶ್ವಸಂಸ್ಥೆಯ ವಿಶೇಷ ವರದಿಗಾರರಾದರು.

1984ರಲ್ಲಿ ಸ್ಟೋವರ್ ಕರೆತಂದ ತಂಡದಲ್ಲಿ ಬಂದಿದ್ದ ಇನ್ನೊಬ್ಬರು ಮೇರಿ ಕ್ಲೇರ್ ಕಿಂಗ್, ಬರ್ಕಲಿಯಲ್ಲೇ ಆಗ ತಳಿವಿಜ್ಞಾನ ಪಾಠ ಹೇಳುತ್ತಿದ್ದವರು. ಬಂಧನದಲ್ಲಿ ಹುಟ್ಟಿದ ಕೂಸುಗಳನ್ನು ಸೇನೆಯವರು ತಮ್ಮವರಿಗೆ, ಪರಿಚಯದವರಿಗೆ ಹಂಚಿಬಿಟ್ಟಿದ್ದರು. ತಂದೆತಾಯಿ ಇಬ್ಬರೂ ಇಲ್ಲದಾಗ ಅಜ್ಜ ಅಜ್ಜಿಯರ ರಕ್ತದಿಂದಲೇ ಮೊಮ್ಮಗು ಯಾರದೆಂದು ಹೇಳಲು ಸಾಧ್ಯವೇ? ಅಜ್ಜಿಯರು ಕೇಳುತ್ತ ಬಂದ ಈ ಪ್ರಶ್ನೆಗೆ ಲೆಕ್ಕ ಹಾಕಿ ಉತ್ತರ ಕಂಡುಕೊಂಡವರಲ್ಲಿ ಕಿಂಗ್ ಒಬ್ಬರು. 1987ರಲ್ಲಿ ಅದಕ್ಕಾಗಿ ತಳಿ ಮಾಹಿತಿಯ ಒಂದು ರಾಷ್ಟ್ರೀಯ ಭಂಡಾರವನ್ನೇ ಕಾಯಿದೆಯ ಮೂಲಕ ಸ್ಥಾಪಿಸಿದರು. ಈವರೆಗೆ 130ಕ್ಕೂ ಹೆಚ್ಚು ಮೊಮ್ಮಕ್ಕಳ ಗುರುತು ಸಿಕ್ಕಿದೆ. ಆ ಮೊಮ್ಮಕ್ಕಳಿಗೆ ಈಗ ನಲವತ್ತರ ಮೇಲೆ ವಯಸ್ಸು.

ಇಷ್ಟು ಹೊತ್ತು ಇದನ್ನು ಹೇಳಿದ್ದಕ್ಕೆ ಕಾರಣವಿದೆ. ಅಮೆರಿಕದಿಂದ ಬಂದವರು ಕಲಿಸಿದರು, ಹೋದರು, ಮತ್ತೆ ಬಂದರು. ಉಳಿದವರು ಆ ಊರಿನ ಹುಡುಗರು. ಬೇಸಿಗೆ ಫೆಲೋಶಿಪ್ಪಿನ ಬಗ್ಗೆ ನನ್ನ ಗೌರವವೂ ಅನುಮಾನವೂ ಎರಡೂ ಇಲ್ಲಿಂದಲೇ ಹುಟ್ಟುತ್ತವೆ. ಹೋಗುವ ವಿದ್ಯಾರ್ಥಿ ಅತಿಥಿ. ಆತಿಥೇಯ ಸಂಸ್ಥೆಯವರು ಅವನು ಬರುವ ಮೊದಲೂ ಅಲ್ಲಿದ್ದರು, ಅವನು ಹೋದ ಮೇಲೂ ಇರುತ್ತಾರೆ. ಪೊಲೀಸರು ಬಾಗಿಲು ಬಡಿದರೆ ಅವರ ಬಾಗಿಲನ್ನೇ ಬಡಿಯುತ್ತಾರೆ, ಆಗಸ್ಟ್ ಕೊನೆಯಲ್ಲಿ ವಿಮಾನ ಹತ್ತಿದವನ ಬಾಗಿಲನ್ನಲ್ಲ.

ಹಾಗಾದರೆ ಅತಿಥಿ ಏನು ಮಾಡಬಹುದು? ಬೇಸರದ ಕೆಲಸ. ಇದನ್ನು ಹಗುರವಾಗಿ ಹೇಳುತ್ತಿಲ್ಲ. ಕಾಂಬೋಡಿಯಾದ ರಾಜಧಾನಿ ನಾಮ್ ಪೆನ್‌ನಲ್ಲಿ ಒಂದು ದಾಖಲೆ ಕೇಂದ್ರವಿದೆ. 1995ರಲ್ಲಿ ಯೇಲ್ ವಿಶ್ವವಿದ್ಯಾಲಯದ ಶಾಖೆಯಾಗಿ ಶುರುವಾಗಿ, 1997ರಲ್ಲಿ ಸ್ವತಂತ್ರವಾಯಿತು. ಸಾಮೂಹಿಕ ಹತ್ಯೆಗಳನ್ನು ನಡೆಸಿದ ಖಮೇರ್ ರೂಜ್ ಪಕ್ಷ ಆಳಿದ 1975ರಿಂದ 1979ರವರೆಗಿನ ಕಾಲದ ಕಡತ, ಜೈಲಿನ ದಾಖಲೆ, ಬದುಕುಳಿದವರ ಹೇಳಿಕೆಗಳನ್ನು ಅದು ಕೂಡಿಸುತ್ತ ಬಂತು. ಬೇಸಿಗೆಯಲ್ಲಿ ಹೊರದೇಶಗಳ ಕಾನೂನು ವಿದ್ಯಾರ್ಥಿಗಳು ಅಲ್ಲಿಗೆ ಹೋಗಿ ಕಾನೂನು ಟಿಪ್ಪಣಿ ಬರೆದುಕೊಟ್ಟರು. ಒಂದು ಆಜ್ಞೆಗೂ ಒಂದು ಸಾವಿಗೂ ನಡುವಿನ ಕೊಂಡಿಯನ್ನು ಬೇರೆ ನ್ಯಾಯಾಲಯಗಳು ಹೇಗೆ ನೋಡಿವೆ ಎಂಬಂಥ ಟಿಪ್ಪಣಿಗಳು. ಕಾಂಬೋಡಿಯಾದ ವಿಶೇಷ ನ್ಯಾಯಾಲಯ 2006ರಲ್ಲಿ ಕೆಲಸ ಆರಂಭಿಸಿ, 2010ರಲ್ಲಿ ಮೊದಲ ತೀರ್ಪು ಕೊಟ್ಟು, 2022ರಲ್ಲಿ ಕೊನೆಯ ಮೇಲ್ಮನವಿ ತೀರ್ಮಾನಿಸಿತು. ಅಷ್ಟು ಉದ್ದದ ದಾರಿಯಲ್ಲಿ ಒಬ್ಬ ವಿದ್ಯಾರ್ಥಿಯ ಪಾಲು ಹತ್ತಿಪ್ಪತ್ತು ಪುಟ. ಆದರೆ ಆ ಪುಟಗಳಲ್ಲಿ ಒಂದು ದಿನಾಂಕ ತಪ್ಪಿದ್ದರೆ ಎದುರು ವಕೀಲ ಅದನ್ನೇ ಹಿಡಿದುಕೊಳ್ಳುತ್ತಾನೆ.

ಆದರೆ ಮಕ್ಕಳಿಗೆ ಬೇಕಾಗಿರುವುದು ಕಡತವಲ್ಲ. ಸಂತ್ರಸ್ತರನ್ನು ಭೇಟಿ ಮಾಡಬೇಕು, ಅವರ ಕಥೆ ಕೇಳಬೇಕು. ಚಿತ್ರಹಿಂಸೆಗೆ ಒಳಗಾದವರನ್ನು ಹೇಗೆ ಮಾತಾಡಿಸಬೇಕು, ಗಾಯ ಹೇಗೆ ದಾಖಲಿಸಬೇಕು ಎಂಬುದಕ್ಕೆ 1999ರಿಂದ ಇಸ್ತಾಂಬುಲ್ ಪ್ರೋಟೋಕಾಲ್ ಎಂಬ ಕೈಪಿಡಿಯಿದೆ, 2022ರಲ್ಲಿ ಅದನ್ನು ಪರಿಷ್ಕರಿಸಿದ್ದಾರೆ. ಅದನ್ನು ಓದಿದರೆ ಒಂದು ಮಾತು ಮನಸ್ಸಿಗೆ ನಾಟುತ್ತದೆ: ನೊಂದವರನ್ನು ಪದೇ ಪದೇ ಕೇಳಿದರೆ ನೋವು ಮರುಕಳಿಸುತ್ತದೆ. ಒಬ್ಬ ಹೆಂಗಸು ತನಗಾದದ್ದನ್ನು ವಕೀಲರಿಗೆ ಹೇಳಿ, ವೈದ್ಯರಿಗೆ ಹೇಳಿ, ಪತ್ರಕರ್ತರಿಗೆ ಹೇಳಿ ಸುಸ್ತಾಗಿರುವಾಗ, ತನ್ನ ಅನುಭವಕ್ಕೆಂದು ಇನ್ನೊಮ್ಮೆ ಕೇಳುವ ಹಕ್ಕು ಇಪ್ಪತ್ತೆರಡರ ಹುಡುಗನಿಗೆ ಇಲ್ಲ. ಮೊದಲೇ ದಾಖಲಾದ ಹೇಳಿಕೆಯನ್ನು ಅವನು ಓದಲಿ, ಸೂಚಿ ಮಾಡಲಿ.

ಈಚೆಗೆ ಈ ಬೇಸರದ ಕೆಲಸಕ್ಕೆ ಹೊಸ ರೂಪ ಬಂದಿದೆ. 2016ರಲ್ಲಿ ಬರ್ಕಲಿಯ ಕೇಂದ್ರ ವಿದ್ಯಾರ್ಥಿಗಳದ್ದೇ ಒಂದು ತನಿಖಾ ಪ್ರಯೋಗಾಲಯ ತೆರೆಯಿತು. ಯುದ್ಧದ ನಾಡುಗಳಿಂದ ಜನ ಮೊಬೈಲಿನಲ್ಲಿ ಹಿಡಿದು ಹಾಕಿದ ವಿಡಿಯೊ ನಿಜವೇ, ಯಾವ ಊರಿನದು, ಯಾವ ದಿನದ್ದು ಎಂದು ಪತ್ತೆ ಮಾಡುವ ಕೆಲಸ. ಬೆಟ್ಟದ ಸಾಲು, ಮಸೀದಿಯ ಗೋಪುರ, ಅಂಗಡಿಯ ಬೋರ್ಡು, ನೆರಳಿನ ಉದ್ದ ಇವನ್ನೆಲ್ಲ ಉಪಗ್ರಹ ಚಿತ್ರದೊಂದಿಗೆ ಹೋಲಿಸಿ ನೋಡುತ್ತಾರೆ. ಮ್ಯಾನ್ಮಾರ್‌ನಲ್ಲಿ ರೋಹಿಂಗ್ಯಾ ಜನರ ವಿರುದ್ಧ ಫೇಸ್‌ಬುಕ್‌ನಲ್ಲಿ ಹರಡಿದ ದ್ವೇಷದ ಬರಹಗಳನ್ನು 2018ರಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆ ಈ ಕೇಂದ್ರದ ಜೊತೆ ಸೇರಿ ಹುಡುಕಿತು. ಸಾವಿರಕ್ಕೂ ಹೆಚ್ಚು ಬರಹಗಳು ಆಗಲೂ ಎಲ್ಲರ ಕಣ್ಣಿಗೆ ಬೀಳುವಂತೆ ಹಾಗೇ ಇದ್ದವು. 2020ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಮತ್ತು ಈ ಕೇಂದ್ರ ಸೇರಿ ಇಂಥ ತನಿಖೆಗೆ ನಿಯಮಗಳ ಕೈಪಿಡಿ ಹೊರತಂದವು. ಅದರ ಹೆಸರೇ ಬರ್ಕಲಿ ಪ್ರೋಟೋಕಾಲ್. ದಿನವಿಡೀ ಹೆಣಗಳನ್ನೇ ನೋಡಿದರೆ ನೋಡುವವರ ಮನಸ್ಸೂ ಕೆಡುತ್ತದಲ್ಲ, ಅದಕ್ಕೂ ಅಲ್ಲಿ ತರಬೇತಿಯಿದೆ. ಮೊದಲ ಸಲ ನೋಡುವಾಗ ಶಬ್ದ ನಿಲ್ಲಿಸಿ, ಚಿತ್ರ ಚಿಕ್ಕದು ಮಾಡಿ, ತಡರಾತ್ರಿ ನೋಡಬೇಡಿ ಎಂಬಂಥ ಸರಳ ಮಾತುಗಳು. ಅಳುವುದಿದ್ದರೆ ರಾತ್ರಿ ಅಳಿ ಎಂದು ಸ್ನೋ ಹೇಳಿದ್ದಕ್ಕಿಂತ ಇದು ಕರುಣೆಯ ಕ್ರಮ ಎನಿಸುತ್ತದೆ.

ಹಣದ ಮಾತು ಬಿಡುವಂತಿಲ್ಲ. ಇಂಥ ಕೆಲಸಕ್ಕೆ ಯಾರು ಹೋಗಬಲ್ಲರು? 2015ರ ಆಗಸ್ಟ್‌ನಲ್ಲಿ ಜಿನೀವಾ ಸರೋವರದ ದಡದಲ್ಲಿ ಡೇರೆ ಹಾಕಿಕೊಂಡು ವಿಶ್ವಸಂಸ್ಥೆಯ ಕಚೇರಿಗೆ ಹೋಗಿಬರುತ್ತಿದ್ದ ಇಪ್ಪತ್ತೆರಡರ ನ್ಯೂಜಿಲೆಂಡಿನ ತರುಣನೊಬ್ಬ ಸುದ್ದಿಯಾದ. ಅವನ ಇಂಟರ್ನ್‌ಶಿಪ್‌ಗೆ ಸಂಬಳವಿರಲಿಲ್ಲ, ಆ ಊರಿನ ಬಾಡಿಗೆ ಅವನಿಗೆ ಎಟುಕುತ್ತಿರಲಿಲ್ಲ. ಜನರ ಗಮನ ಸೆಳೆಯಲೆಂದೇ ಡೇರೆ ಹಾಕಿದೆ ಎಂದು ಅವನೇ ಆಮೇಲೆ ಒಪ್ಪಿಕೊಂಡ. ಅದರಿಂದ ಪ್ರಶ್ನೆಯೇನೂ ಸಣ್ಣದಾಗಲಿಲ್ಲ. ಸಮಾನತೆಯ ಮಾತಾಡುವ ಕಚೇರಿಯಲ್ಲಿ ಬಿಟ್ಟಿ ದುಡಿಯಲು ಉಳ್ಳವರ ಮಕ್ಕಳಿಗೆ ಮಾತ್ರ ಸಾಧ್ಯ. ಆದ್ದರಿಂದ ಹಣ ಕೊಡುವ ಫೆಲೋಶಿಪ್ ಎಷ್ಟು ಚಿಕ್ಕದಾದರೂ ಅದನ್ನು ನಾನು ಮೆಚ್ಚುತ್ತೇನೆ. ಅದಕ್ಕಿಂತ ಹೆಚ್ಚು ಮೆಚ್ಚುವುದು ದಿಕ್ಕು ತಿರುಗಿಸಿದ ಯೋಜನೆಗಳನ್ನು. ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ 1997ರಿಂದ ಬುಡಕಟ್ಟು, ಮೂಲನಿವಾಸಿ ಸಮುದಾಯಗಳವರನ್ನೇ ಜಿನೀವಾಕ್ಕೆ ಕರೆಸಿ, ಖರ್ಚು ಕೊಟ್ಟು, ಅಲ್ಲಿನ ಕ್ರಮಗಳನ್ನು ಕಲಿಸಿ ಊರಿಗೆ ಕಳಿಸುತ್ತದೆ. ಕಲಿತವರು ಊರಿನಲ್ಲೇ ಉಳಿಯುತ್ತಾರೆ.

ನಮ್ಮ ಮಕ್ಕಳ ವಿಷಯಕ್ಕೆ ಬರುತ್ತೇನೆ. ಭಾರತೀಯ ವಕೀಲರ ಪರಿಷತ್ತಿನ 2008ರ ನಿಯಮಗಳ ಪ್ರಕಾರ ಐದು ವರ್ಷದ ಕಾನೂನು ಪದವಿಯವರು 20 ವಾರ, ಮೂರು ವರ್ಷದವರು 12 ವಾರ ಇಂಟರ್ನ್‌ಶಿಪ್ ಮಾಡಲೇಬೇಕು. ಎಷ್ಟೋ ಮಕ್ಕಳು ಅದನ್ನು ಪರಿಚಯದ ವಕೀಲರ ಕಚೇರಿಯಲ್ಲಿ ಒಂದು ಸಹಿಯಲ್ಲಿ ಮುಗಿಸಿಬಿಡುತ್ತಾರೆ. ದೆಹಲಿಯ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಬೇಸಿಗೆಯಲ್ಲಿ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುತ್ತದೆ. 1993ರಲ್ಲಿ ಸ್ಥಾಪನೆಯಾದ ಆ ಆಯೋಗಕ್ಕೆ ನಮ್ಮವರಾದ ನ್ಯಾಯಮೂರ್ತಿ ಎಂ. ಎನ್. ವೆಂಕಟಾಚಲಯ್ಯ, ಆಮೇಲೆ ನ್ಯಾಯಮೂರ್ತಿ ಎಸ್. ರಾಜೇಂದ್ರ ಬಾಬು ಅಧ್ಯಕ್ಷರಾಗಿದ್ದರು. ಅಲ್ಲಿಗೆ ಕನ್ನಡದಲ್ಲೇ ದೂರು ಬರೆದು ಕಳಿಸಬಹುದು, ಶುಲ್ಕವಿಲ್ಲ, ಆದರೆ ಘಟನೆ ನಡೆದು ಒಂದು ವರ್ಷದೊಳಗೆ ಕಳಿಸಬೇಕು. ಇದು ಹಳ್ಳಿಯಲ್ಲಿ ಎಷ್ಟು ಜನರಿಗೆ ಗೊತ್ತು? ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಕಚೇರಿಯಿದೆ. ಕಾನೂನು ವಿದ್ಯಾರ್ಥಿಗಳು ಅಲ್ಲಿ ಪ್ಯಾರಾ ಲೀಗಲ್ ಸ್ವಯಂಸೇವಕರಾಗಬಹುದು. ಜಾಮೀನು ಮಂಜೂರಾಗಿದ್ದರೂ ಶ್ಯೂರಿಟಿ ಕೊಡುವವರಿಲ್ಲದೆ ಜೈಲಿನಲ್ಲೇ ಉಳಿದ ವಿಚಾರಣಾಧೀನ ಕೈದಿಯ ಜೊತೆ ಕೂತು, ಅವನ ಊರು, ಅವನ ಮನೆಯವರ ಫೋನ್ ನಂಬರು ಕೇಳಿ ಬರೆದುಕೊಳ್ಳಲು ಬರ್ಕಲಿಯ ಯಾವ ಫೆಲೋಗೂ ಆಗುವುದಿಲ್ಲ. ರಾಯಚೂರಿನ ಹುಡುಗಿಗೆ ಆಗುತ್ತದೆ.

ಇಷ್ಟು ಕೇಳಿದ ಮೇಲೂ ಹೊರದೇಶಕ್ಕೆ ಹೋಗಬೇಕು ಎನ್ನುವವರನ್ನು ನಾನು ತಡೆಯುವುದಿಲ್ಲ, ಶಿಫಾರಸು ಪತ್ರವನ್ನೂ ಬರೆದುಕೊಡುತ್ತೇನೆ. ಅರ್ಜಿಯಲ್ಲಿ ಮಾತ್ರ ಮೂರು ಸಂಗತಿ ನೋಡುತ್ತೇನೆ. ಯಾರ ಕೈಕೆಳಗೆ ಕೆಲಸ, ಯಾವ ಕಡತ, ಅಲ್ಲಿನ ಭಾಷೆ ಎಷ್ಟು ಬರುತ್ತದೆ. ನ್ಯಾಯ ಕೊಡಿಸುತ್ತೇನೆ ಎಂಬ ಸಾಲು ಕಂಡರೆ ಹೊಡೆದುಹಾಕಿ ವಾಪಸು ಕೊಡುತ್ತೇನೆ. ಸಾಮಾನ್ಯವಾಗಿ ಎರಡನೇ ಸಲ ತರುವ ಅರ್ಜಿ ಚೆನ್ನಾಗಿರುತ್ತದೆ.